ಬಾಲ್ಯದ ಒಂದು ಪುಟ ಬರೆದಿಟ್ಟುಕೊಳ್ಳಿ: ಕಾಯಿಲೆಗಳು ಜೊತೆಗೂಡುವ ಮೊದಲು

ಬಿಪಿ ಮಾತ್ರೆ ಶುರುವಾದಾಗ ನನಗೆ 41 ವರ್ಷ. ಮೂರು ವರ್ಷ ಕಳೆಯುವಷ್ಟರಲ್ಲಿ ಶುಗರ್ ಕೂಡ ಬಂತು. ಸಿಗರೇಟು ಸೇದಿದವನಲ್ಲ, ಅಂಥ ದಪ್ಪವೂ ಇಲ್ಲ. "ನನಗ್ಯಾಕೆ ಇಷ್ಟು ಬೇಗ, ಡಾಕ್ಟ್ರೇ?" ಅಂತ ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: "ಹುಟ್ಟಿದಾಗ ನಿಮ್ಮ ತೂಕ ಎಷ್ಟಿತ್ತು, ಗೊತ್ತಾ?"

ಗೊತ್ತಿರಲಿಲ್ಲ. ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಅಂಗೈ ಅಗಲ ಇದ್ದೆ ಕಣೋ. ಎಂಟು ತಿಂಗಳಿಗೇ ಹುಟ್ಟಿದವನು ನೀನು. ಉಳೀತೀಯ ಅಂತ ಯಾರೂ ಅಂದ್ಕೊಂಡಿರಲಿಲ್ಲ" ಅಂದರು. ಅದುವರೆಗೆ ಅದು ಮನೆಯವರೆಲ್ಲ ಸೇರಿದಾಗ ಹೇಳುವ ಒಂದು ಕಥೆ ಅಷ್ಟೇ ಆಗಿತ್ತು. ಅದು ನನ್ನ ಬಿಪಿಗೆ ಸಂಬಂಧಪಟ್ಟ ವಿಷಯ ಅಂತ ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಒಬ್ಬರಿಗೇ ಎರಡು ಅಥವಾ ಅದಕ್ಕಿಂತ ಜಾಸ್ತಿ ದೀರ್ಘಕಾಲದ ಕಾಯಿಲೆ ಇದ್ದರೆ ವೈದ್ಯರು ಅದನ್ನು ಮಲ್ಟಿಮಾರ್ಬಿಡಿಟಿ ಎನ್ನುತ್ತಾರೆ. ನಾನಿಲ್ಲಿ ಬಹುಕಾಯಿಲೆ ಅಂತ ಕರೆಯುತ್ತೇನೆ. ಬಿಪಿ ಜೊತೆ ಶುಗರ್, ಅಸ್ತಮಾ ಜೊತೆ ಖಿನ್ನತೆ, ಕೀಲುನೋವಿನ ಜೊತೆ ಹೃದ್ರೋಗ, ಹೀಗೆ. ಇದು ಬರೀ ಮುದುಕರ ಸಮಸ್ಯೆ ಅಂದುಕೊಂಡಿದ್ದರೆ ಅದು ತಪ್ಪು. ಬ್ರಿಟನ್ನಿನಲ್ಲಿ 1970ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಇವತ್ತಿನವರೆಗೂ ಹಿಂಬಾಲಿಸಿಕೊಂಡು ಬಂದಿದ್ದಾರೆ. ಅವರಿಗೆ 46-48 ವರ್ಷ ಆಗುವ ಹೊತ್ತಿಗೆ ಸುಮಾರು ಮೂರರಲ್ಲಿ ಒಬ್ಬರಿಗೆ ಬಹುಕಾಯಿಲೆ ಇತ್ತು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ, ಬಡ ಮನೆಗಳಲ್ಲಿ ಹುಟ್ಟಿದವರಲ್ಲಿ, ಹತ್ತು ವರ್ಷಕ್ಕೇ ತೂಕ ಜಾಸ್ತಿ ಇದ್ದವರಲ್ಲಿ, ಹದಿನಾರಕ್ಕೇ ಮನಸ್ಸಿನ ತೊಂದರೆ ಕಂಡವರಲ್ಲಿ ಅದು ಹೆಚ್ಚು. ಸ್ಕಾಟ್ಲೆಂಡಿನಲ್ಲಿ ಸುಮಾರು 17.5 ಲಕ್ಷ ಜನರ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ತೀರಾ ಬಡ ಪ್ರದೇಶಗಳಲ್ಲಿ ಇರುವವರಿಗೆ, ಸ್ಥಿತಿವಂತರಿಗಿಂತ 10-15 ವರ್ಷ ಮೊದಲೇ ಬಹುಕಾಯಿಲೆ ಶುರುವಾಗುತ್ತದೆ ಎಂದು ಅದು ತೋರಿಸಿತು.

ಆ 10-15 ವರ್ಷವನ್ನು ಆದಷ್ಟು ವಾಪಸ್ ಪಡೆಯೋಕೆ ಏನು ಮಾಡಬಹುದು ಅನ್ನೋದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಮುಖ್ಯ ಕೆಲಸ ಒಂದೇ: ನಿಮ್ಮ ಬಾಲ್ಯವನ್ನು ಒಂದು ಪುಟದಲ್ಲಿ ಬರೆದು ನಿಮ್ಮ ವೈದ್ಯರ ಕೈಗೆ ಕೊಡಬೇಕು.

ಮೊದಲ ಹೆಜ್ಜೆ: ಬಾಲ್ಯ ದೇಹದಲ್ಲಿ ಎಲ್ಲಿ ಉಳಿಯುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಓದದೆ ಮುಂದೆ ಹೋಗಬೇಡಿ. ಕಾರಣ ಗೊತ್ತಿದ್ದರೆ ಮಾತ್ರ ಮುಂದಿನ ಪ್ರಶ್ನೆಗಳಿಗೆ ಅರ್ಥ ಬರುತ್ತದೆ.

ಕಿಡ್ನಿಯಿಂದ ಶುರು ಮಾಡೋಣ. ರಕ್ತ ಸೋಸುವ ನೆಫ್ರಾನ್ ಎಂಬ ಪುಟ್ಟ ಘಟಕಗಳು ಅದರಲ್ಲಿವೆ. ಅವು ತಯಾರಾಗುವುದು ತಾಯಿಯ ಹೊಟ್ಟೆಯಲ್ಲಿ, ಸುಮಾರು 36ನೇ ವಾರದವರೆಗೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ತಿಂಗಳು ತುಂಬದೆ ಅಥವಾ ತೂಕ ಕಡಿಮೆ ಇದ್ದು ಹುಟ್ಟಿದ ಮಗುವಿಗೆ ಅವುಗಳ ಸಂಖ್ಯೆ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಇರುವ ನೆಫ್ರಾನ್‌ಗಳೇ ಎಲ್ಲ ಕೆಲಸ ಮಾಡಬೇಕು. ವರ್ಷಗಟ್ಟಲೆ ದುಡಿದು ಅವು ಸೋಲುತ್ತವೆ. ಬಿಪಿ ಏರುತ್ತದೆ, ಬಿಪಿ ಏರಿದಷ್ಟೂ ಕಿಡ್ನಿ ಇನ್ನೂ ಸೋಲುತ್ತದೆ. ಒಂದು ಕಾಯಿಲೆ ಇನ್ನೊಂದನ್ನು ಕರೆದುಕೊಂಡು ಬರುವುದು ಹೀಗೆ.

ಶ್ವಾಸಕೋಶದ ಕಥೆಯೂ ಇಂಥದ್ದೇ. ಅದರ ಶಕ್ತಿ 20-25ನೇ ವಯಸ್ಸಿನ ಹೊತ್ತಿಗೆ ತುದಿ ಮುಟ್ಟುತ್ತದೆ, ಅಲ್ಲಿಂದ ನಿಧಾನಕ್ಕೆ ಇಳಿಮುಖ. ಚಿಕ್ಕವರಿದ್ದಾಗ ನ್ಯುಮೋನಿಯಾ ಆಗಿದ್ದರೆ, ಮನೆ ತುಂಬ ಹೊಗೆ ಇದ್ದರೆ, ಆ ತುದಿಯೇ ತಗ್ಗಿನಲ್ಲಿರುತ್ತದೆ. ತಗ್ಗಿನಿಂದ ಇಳಿಯಲು ಶುರು ಮಾಡಿದವರು ಬೇಗ ತಳ ಮುಟ್ಟುತ್ತಾರೆ. ಉಸಿರಾಟದ ದೀರ್ಘ ಕಾಯಿಲೆಯಾದ ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಈ ದಾರಿಯಿಂದ ಬಂದವರು ಎಂದು 2015ರ ಒಂದು ದೊಡ್ಡ ಅಧ್ಯಯನ ಹೇಳಿತು.

ಮೂರನೆಯದು ಭಯ. ಮನೆಯಲ್ಲಿ ದಿನಾ ಜಗಳ, ಹೊಡೆತ, ನಾಳೆ ಏನೋ ಎಂಬ ಆತಂಕ ಇದ್ದರೆ ಮಗುವಿನ ದೇಹ ಸದಾ ಎಚ್ಚರದಲ್ಲೇ ಇರುತ್ತದೆ. ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳ ಏರಿಳಿತ ಹದ ತಪ್ಪುತ್ತದೆ. ದೇಹದೊಳಗೆ ಸಣ್ಣದೊಂದು ಉರಿಯೂತ ಆರದೆ ಉಳಿಯಬಹುದು. ಹೃದಯ, ಮನಸ್ಸು, ಸಕ್ಕರೆಯ ಹದ, ಮೂರಕ್ಕೂ ಇದರ ಬಿಸಿ ತಟ್ಟುತ್ತದೆ.

ಇದರ ದೊಡ್ಡ ಸುಳಿವು ಸಿಕ್ಕಿದ್ದು ಹಳೇ ಕಾಗದಗಳಿಂದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ದಾದಿಯರು ಪ್ರತಿ ಮಗುವಿನ ಹುಟ್ಟುತೂಕ, ಒಂದು ವರ್ಷದ ತೂಕ ಎಲ್ಲವನ್ನೂ ಲೆಡ್ಜರ್‌ನಲ್ಲಿ ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಆ ಲೆಡ್ಜರ್ ಹುಡುಕಿ, ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ನೋಡಿದರು. ಒಂದು ವರ್ಷಕ್ಕೆ ತೂಕ ತೀರಾ ಕಡಿಮೆ ಇದ್ದ ಗಂಡುಮಕ್ಕಳು ದೊಡ್ಡವರಾದ ಮೇಲೆ ಹೃದ್ರೋಗದಿಂದ ಸತ್ತಿದ್ದು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿದರು. ಎಪ್ಪತ್ತು ವರ್ಷಗಳ ಹಿಂದೆ ಯಾರೋ ದಾದಿ ತಕ್ಕಡಿ ನೋಡಿ ಬರೆದ ಒಂದು ಅಂಕಿ! ಆ ಲೆಡ್ಜರ್ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಎರಡನೇ ಹೆಜ್ಜೆ: ಇದು ಹಣೆಬರಹ ಅಲ್ಲ ಅಂತ ಮನಸ್ಸಿಗೆ ತಂದುಕೊಳ್ಳಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇಲ್ಲಿ ಪಕ್ಕಕ್ಕೆ ಇಡಿ. ಮೇಲಿನ ಅಂಕಿಗಳೆಲ್ಲ ದೊಡ್ಡ ಗುಂಪುಗಳದ್ದು. ಕಡಿಮೆ ತೂಕದಲ್ಲಿ ಹುಟ್ಟಿದ ಎಷ್ಟೋ ಜನ ಎಂಬತ್ತು ದಾಟಿ ಚೆನ್ನಾಗಿದ್ದಾರೆ. ಅಪಾಯ ಜಾಸ್ತಿ ಅಂದರೆ ಬೇಗ ನೋಡಿಕೊಳ್ಳಬೇಕು ಎಂದರ್ಥ, ಬಂದೇ ಬರುತ್ತದೆ ಅಂತ ಅಲ್ಲ.

ಇನ್ನೊಂದು ಮಾತು. ಇದನ್ನು ಓದಿ ಅಮ್ಮನ ಮೇಲೆ, ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡಿ. ನನ್ನ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗಿ, "ನಂದೇ ತಪ್ಪಾ ಹಾಗಾದ್ರೆ?" ಅಂತ ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹೊಟ್ಟೆಗಿಲ್ಲದ ಬಸುರಿ, ವಿಶ್ರಾಂತಿ ಸಿಗದ ಬಾಣಂತಿ, ಕೆಲಸ ಕಳೆದುಕೊಂಡ ತಂದೆ, ಇವರಲ್ಲಿ ಯಾರೂ ಬೇಕಂತ ಮಾಡಿದ್ದಲ್ಲ. ಕೇಳುವ ಮೊದಲೇ "ಯಾರ ತಪ್ಪೂ ಇಲ್ಲ, ಡಾಕ್ಟರಿಗೆ ಹೇಳೋಕೆ ಬೇಕು ಅಷ್ಟೇ" ಅಂತ ಹೇಳಿಬಿಡಿ. ನಾನು ಮೊದಲು ಹೇಳಿರಲಿಲ್ಲ.

ಮೂರನೇ ಹೆಜ್ಜೆ: ಗೊತ್ತಿರುವವರನ್ನು ಕೇಳಿ

ಅಮ್ಮ, ಅಜ್ಜಿ, ದೊಡ್ಡಮ್ಮ, ಸೋದರತ್ತೆ, ದೊಡ್ಡ ಅಕ್ಕ, ಯಾರಿಗೆ ನೆನಪಿದೆಯೋ ಅವರನ್ನು ಕೇಳಿ. "ನನ್ನ ಆರೋಗ್ಯ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗೇ ಇತ್ತು" ಅನ್ನುತ್ತಾರೆ. ಅದು ಏನಕ್ಕೂ ಬರುವುದಿಲ್ಲ. ಒಂದೊಂದಾಗಿ ಬಿಡಿಸಿ ಕೇಳಬೇಕು.

ಎಷ್ಟು ತಿಂಗಳಿಗೆ ಹುಟ್ಟಿದೆ? ತೂಕ ನೆನಪಿದೆಯಾ? ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ವೈದ್ಯರು ಅದನ್ನು ಕಡಿಮೆ ಹುಟ್ಟುತೂಕ ಎಂದು ಲೆಕ್ಕ ಹಾಕುತ್ತಾರೆ. ಅಂಕಿ ನೆನಪಿಲ್ಲದಿದ್ದರೆ, ಅಕ್ಕನಿಗಿಂತ ಸಣ್ಣಗಿದ್ದೆನಾ, ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ ಅಂತ ಕೇಳಿ. ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಬಿಪಿ, ಶುಗರ್ ಇತ್ತಾ? ಊಟಕ್ಕೆ ಕಷ್ಟ ಇತ್ತಾ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ನೆದರ್ಲೆಂಡ್ಸ್‌ನಲ್ಲಿ 1944-45ರ ಚಳಿಗಾಲದಲ್ಲಿ ಯುದ್ಧದ ದಿಗ್ಬಂಧನದಿಂದ ಒಬ್ಬರಿಗೆ ದಿನಕ್ಕೆ 1000 ಕ್ಯಾಲೊರಿಗಿಂತ ಕಡಿಮೆ ಪಡಿತರ ಸಿಗುತ್ತಿತ್ತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಸಕ್ಕರೆಯ ಹದ ತಪ್ಪಿದ್ದು ಕಂಡಿತು. ಗರ್ಭದ ಮೊದಲ ತಿಂಗಳುಗಳಲ್ಲೇ ಹಸಿವು ತಾಗಿದವರಲ್ಲಿ ಹೃದ್ರೋಗವೂ ಹೆಚ್ಚಿತ್ತು.

ಆಮೇಲೆ ಬಾಲ್ಯದ ಕಾಯಿಲೆಗಳು. ನ್ಯುಮೋನಿಯಾ ಆಗಿತ್ತಾ, ದಮ್ಮು ಇತ್ತಾ? ಗಂಟಲುನೋವು ಬಂದು ಹೋದ ಮೇಲೆ ಜ್ವರ, ಕೀಲುಗಳಲ್ಲಿ ಬಾವು ಬಂದಿತ್ತಾ? ಇದನ್ನು ಮರೆಯದೆ ಕೇಳಿ. ಅದು ರುಮ್ಯಾಟಿಕ್ ಜ್ವರ ಆಗಿರಬಹುದು, ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟು ವರ್ಷಗಟ್ಟಲೆ ಸುಮ್ಮನಿರುವ ಕಾಯಿಲೆ ಅದು. ಮನೆಯಲ್ಲಿ ಸೇದುವವರು ಇದ್ದರಾ, ಅಡುಗೆಮನೆಯಲ್ಲಿ ಹೊಗೆ ತುಂಬುತ್ತಿತ್ತಾ? ಹುಟ್ಟಿದ ಕೂಡಲೇ ಲಸಿಕೆ ಹಾಕಿಸಿದ್ದರಾ? ಲಿವರ್‌ಗೆ ಪೆಟ್ಟು ಕೊಡುವ ಹೆಪಟೈಟಿಸ್ ಬಿ ವೈರಸ್ ಹುಟ್ಟುವಾಗಲೇ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳವರೆಗೂ ಅದು ಕಾಯಂ ಆಗಿ ಉಳಿಯಬಹುದು, ದೊಡ್ಡವರಿಗೆ ತಗುಲಿದರೆ ನೂರರಲ್ಲಿ ಐವರಿಗೂ ಉಳಿಯುವುದಿಲ್ಲ. ಹಾಗಾಗಿ ಅಮ್ಮನಿಗೆ ಅದು ಇತ್ತು ಅಂತ ಗೊತ್ತಿದ್ದರೆ ನಿಮ್ಮ ರಕ್ತಪರೀಕ್ಷೆ ಒಮ್ಮೆ ಆಗಲೇಬೇಕು.

ನಾಲ್ಕನೇ ಹೆಜ್ಜೆ: ಯಾರನ್ನೂ ಕೇಳಲಾಗದ ಪ್ರಶ್ನೆಗಳು

ಈ ಭಾಗಕ್ಕೆ ಒಬ್ಬರೇ ಕೂತುಕೊಳ್ಳಿ, ಅಥವಾ ನಂಬುವ ಒಬ್ಬರ ಜೊತೆ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ದೊಡ್ಡವರಿಗೆ ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿದರು. 18 ವರ್ಷ ತುಂಬುವ ಮೊದಲು ಮನೆಯಲ್ಲಿ ಹೊಡೆಯುತ್ತಿದ್ದರಾ? ಅವಮಾನ ಮಾಡುತ್ತಿದ್ದರಾ? ಲೈಂಗಿಕವಾಗಿ ಯಾರಾದರೂ ಮೈಮುಟ್ಟಿದ್ದರಾ? ಊಟ, ಬಟ್ಟೆ, ಆರೈಕೆ ಸಿಗದೆ ಹೋಗಿತ್ತಾ? ನನ್ನನ್ನು ಪ್ರೀತಿಸುವವರು ಯಾರೂ ಇಲ್ಲ ಅನ್ನಿಸುತ್ತಿತ್ತಾ? ಅಪ್ಪ-ಅಮ್ಮ ಬೇರೆಯಾಗಿದ್ದರಾ? ಅಮ್ಮನಿಗೆ ಹೊಡೆತ ಬೀಳುವುದನ್ನು ನೋಡಿದ್ದಿರಾ? ಮನೆಯಲ್ಲಿ ಕುಡಿತ ಇತ್ತಾ, ಮನೋರೋಗ ಇತ್ತಾ, ಯಾರಾದರೂ ಜೈಲಿಗೆ ಹೋಗಿದ್ದರಾ? ಒಟ್ಟು ಹತ್ತು ಬಗೆ. ಹೌದು ಎಂಬ ಉತ್ತರ ಏರಿದಂತೆಲ್ಲ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಲಿವರ್ ತೊಂದರೆ, ಖಿನ್ನತೆ ಎಲ್ಲವೂ ಏರುತ್ತಾ ಹೋಗುವುದು ಕಂಡಿತು. ಮೊದಲ ವರದಿ 1998ರಲ್ಲಿ ಬಂತು. ಆಗ ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕನಿಷ್ಠ ಒಂದು "ಹೌದು" ಇತ್ತು. ಅಂದರೆ ನಿಮಗಿದ್ದರೆ ನೀವು ಒಂಟಿಯಲ್ಲ.

ಆದರೆ ಇದನ್ನು ಅಂಕಪಟ್ಟಿ ಅಂದುಕೊಳ್ಳಬೇಡಿ. ಒಬ್ಬ ವ್ಯಕ್ತಿಗೆ ಮುಂದೆ ಏನಾಗುತ್ತದೆ ಅಂತ ಈ ಲೆಕ್ಕ ಹೇಳುವುದಿಲ್ಲ. ಎಷ್ಟು ದಿನ ನಡೆಯಿತು, ಎಷ್ಟು ತೀವ್ರವಾಗಿತ್ತು, ಕೈಹಿಡಿದವರು ಯಾರಾದರೂ ಇದ್ದರಾ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ನನಗನ್ನಿಸುವ ಪ್ರಕಾರ ಹನ್ನೊಂದನೇ ಪ್ರಶ್ನೆ ನೀವೇ ಸೇರಿಸಿಕೊಳ್ಳಬೇಕು: ನನ್ನ ಪರವಾಗಿ ನಿಂತ ದೊಡ್ಡವರು ಯಾರಿದ್ದರು? ಒಬ್ಬ ಮೇಷ್ಟ್ರು, ಪಕ್ಕದ ಮನೆಯ ಅಜ್ಜಿ, ಯಾರೇ ಆಗಲಿ. ಅಂಥ ಒಬ್ಬರು ಇದ್ದರೂ ಮಗುವಿಗೆ ಅದು ದೊಡ್ಡ ಆಸರೆ. ಆ ಹೆಸರನ್ನೂ ಬರೆಯಿರಿ.

ಬರೆಯುವಾಗ ಎದೆ ಹೊಡೆದುಕೊಂಡರೆ, ರಾತ್ರಿ ನಿದ್ದೆ ಹತ್ತದಿದ್ದರೆ ಅಲ್ಲಿಗೇ ನಿಲ್ಲಿಸಿ. ಆಪ್ತಸಮಾಲೋಚಕರ ಎದುರು ಮುಂದುವರಿಸಿ. ಈ ಸಾಲುಗಳನ್ನು ಎಲ್ಲರಿಗೂ ತೋರಿಸಬೇಕೆಂದಿಲ್ಲ. ಬೇಕಿದ್ದರೆ "ಬಾಲ್ಯ ತುಂಬ ಕಷ್ಟದ್ದು" ಅಂತ ಒಂದೇ ಸಾಲು ಸಾಕು.

ಐದನೇ ಹೆಜ್ಜೆ: ಪುಟ ಬರೆಯಿರಿ

ಒಂದೇ ಪುಟ, ಎರಡಲ್ಲ. ವೈದ್ಯರಿಗೆ ಓದಲು ಸಿಗುವುದು ಅರ್ಧ ನಿಮಿಷ. ನನ್ನ ಪುಟ ಹೀಗಿದೆ:

"ಎಂಟು ತಿಂಗಳಿಗೆ ಹುಟ್ಟಿದ್ದು. ತೂಕ ಸುಮಾರು 2 ಕಿಲೋ ಇರಬಹುದು, ದಾಖಲೆ ಇಲ್ಲ. ಮೂರು ವರ್ಷದಲ್ಲಿ ನ್ಯುಮೋನಿಯಾ, ಆಸ್ಪತ್ರೆಯಲ್ಲಿ ಹತ್ತು ದಿನ. ತಂದೆ ಮನೆಯೊಳಗೇ ಸೇದುತ್ತಿದ್ದರು. ನನಗೆ ಒಂಬತ್ತಿದ್ದಾಗ ತಂದೆಯ ಕೆಲಸ ಹೋಯಿತು, ನಾಲ್ಕು ವರ್ಷ ತುಂಬ ಕಷ್ಟ. ತಂದೆಗೆ ಐವತ್ತರೊಳಗೆ ಶುಗರ್. ಬಿಪಿ 41ಕ್ಕೆ, ಶುಗರ್ 44ಕ್ಕೆ. ಈಗಿನ ಮಾತ್ರೆಗಳು: ಇದೇ ಹಾಳೆಯ ಹಿಂಬದಿಯಲ್ಲಿ."

ಅಷ್ಟೇ. ಗೊತ್ತಿರುವುದು ಯಾವುದು, ಅಂದಾಜು ಯಾವುದು ಅಂತ ಬೇರೆ ಬೇರೆಯಾಗಿ ಬರೆಯಿರಿ. ಫೋಟೊ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ.

ಆರನೇ ಹೆಜ್ಜೆ: ಒಂದೊಂದು ಸಾಲಿಗೂ ಒಂದು ಪರೀಕ್ಷೆ

ವೈದ್ಯರ ಬಳಿ ಹೋದಾಗ ಪುಟ ಕೊಟ್ಟು "ಇದನ್ನು ನೋಡಿ, ನನಗೆ ಏನೇನು ಬೇಗ ಪರೀಕ್ಷೆ ಮಾಡಿಸಬೇಕು ಹೇಳಿ" ಅಂತ ಕೇಳಿ. ಬೇಗ ಹುಟ್ಟಿದವರು, ತೂಕ ಕಡಿಮೆ ಇದ್ದವರು ಇಪ್ಪತ್ತರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳುವುದು ಒಳ್ಳೆಯದು. ಬಿಪಿ ಇದ್ದರೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಯ ಬಗ್ಗೆ ಕೇಳಿ. ಮೂತ್ರದ ಪರೀಕ್ಷೆಯನ್ನು ಬಿಡಬೇಡಿ, ಕಿಡ್ನಿಯ ತೊಂದರೆ ಅಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು. ಸಕ್ಕರೆಗೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ: 5.7%ರಿಂದ 6.4%ವರೆಗೆ ಇದ್ದರೆ ಎಚ್ಚರಿಕೆಯ ಗಂಟೆ, 6.5 ಮುಟ್ಟಿದರೆ ಮಧುಮೇಹ. ಚಿಕ್ಕಂದಿನಲ್ಲಿ ನ್ಯುಮೋನಿಯಾ ಅಥವಾ ದಮ್ಮು ಇದ್ದು ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಸ್ಪೈರೊಮೆಟ್ರಿ, ಅಂದರೆ ಕೊಳವೆಗೆ ಜೋರಾಗಿ ಊದಿಸುವ ಪರೀಕ್ಷೆ. ರುಮ್ಯಾಟಿಕ್ ಜ್ವರದ ಅನುಮಾನ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್.

ಮನಸ್ಸಿನ ಪರೀಕ್ಷೆಯನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಕುಗ್ಗಿದೆ ಅಂದರೆ ಅದನ್ನೂ ಬಿಪಿಯಷ್ಟೇ ಸಲೀಸಾಗಿ ಹೇಳಿ. ಶುಗರ್ ಇದ್ದವರಿಗೆ ಖಿನ್ನತೆ ಬರುವುದು ಹೆಚ್ಚು, ಖಿನ್ನತೆ ಇದ್ದವರಿಗೆ ಶುಗರ್ ಬರುವುದೂ ಹೆಚ್ಚು.

ಏಳನೇ ಹೆಜ್ಜೆ: ಮನೆಯಲ್ಲಿ ಬಿಪಿ ಸರಿಯಾಗಿ ನೋಡಿಕೊಳ್ಳಿ

ಅವಸರದಲ್ಲಿ ನೋಡಿದ ಬಿಪಿ ಸುಳ್ಳು ಹೇಳುತ್ತದೆ. ನಾನು ಮಾಡುವುದು ಹೀಗೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಮಾತ್ರೆ ನುಂಗುವ ಮೊದಲು ಕುರ್ಚಿಯಲ್ಲಿ ಕೂರುತ್ತೇನೆ. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ಅಂಗಿಯ ತೋಳು ಮಡಚಿ ಬಿಗಿ ಮಾಡುವುದಿಲ್ಲ, ತೋಳನ್ನೇ ಹೊರಗೆ ತೆಗೆದುಬಿಡುತ್ತೇನೆ. ಪಟ್ಟಿ ಬರಿ ಚರ್ಮದ ಮೇಲೆ, ಎದೆಯ ಮಟ್ಟಕ್ಕೆ, ಕೈ ಮೇಜಿನ ಮೇಲೆ. ಐದು ನಿಮಿಷ ಸುಮ್ನೆ ಕೂರುತ್ತೇನೆ, ಫೋನ್ ಮುಟ್ಟುವುದಿಲ್ಲ, ಮಾತಿಲ್ಲ. ಆಮೇಲೆ ಗುಂಡಿ ಒತ್ತುತ್ತೇನೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಸಂಜೆಯೂ ಇದೇ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ ವೈದ್ಯರಿಗೆ ನಿಜವಾದ ಅಂಕಿ ಸಿಗುತ್ತದೆ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರಿಗೆ ತೋರಿಸಲೇಬೇಕು. ತೋಳು ದಪ್ಪ ಇದ್ದವರು ದೊಡ್ಡ ಪಟ್ಟಿಯನ್ನೇ ತೆಗೆದುಕೊಳ್ಳಿ, ಚಿಕ್ಕದು ಹಾಕಿದರೆ ಅಂಕಿ ಏರಿಸಿ ತೋರಿಸುತ್ತದೆ.

ಎಂಟನೇ ಹೆಜ್ಜೆ: ಒಂದು ಬಂದಿದ್ದರೆ ಎರಡನೆಯದಕ್ಕೆ ಬಾಗಿಲು ಹಾಕಿ

ನನ್ನ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಬಿಪಿ ಬಂದ ಮೇಲೆ ಮೂರು ವರ್ಷ ಬರೀ ಬಿಪಿ ನೋಡಿಕೊಂಡೆ, ಸಕ್ಕರೆ ಒಮ್ಮೆಯೂ ನೋಡಲಿಲ್ಲ.

ಬೆನ್ನುನೋವಿಗೆ, ತಲೆನೋವಿಗೆ ಅಂಗಡಿಯಿಂದ ನೀವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳ ಮೇಲೆ ಕಣ್ಣಿಡಿ. ಇವು ಬಿಪಿ ಏರಿಸಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ಹುಟ್ಟಿನಿಂದಲೇ ನೆಫ್ರಾನ್ ಕಡಿಮೆ ಇದ್ದವರಿಗೆ ಈ ಎಚ್ಚರ ಇನ್ನೂ ಮುಖ್ಯ. ಐದಕ್ಕಿಂತ ಹೆಚ್ಚು ಮಾತ್ರೆ ನುಂಗುತ್ತಿದ್ದರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರೇ ವೈದ್ಯರ ಮುಂದೆ ಇಡಿ. ಮೂರು ಕಡೆ ಮೂರು ವೈದ್ಯರು ಬರೆದ ಚೀಟಿಗಳನ್ನು ಒಟ್ಟಿಗೆ ನೋಡುವವರು ಒಬ್ಬರಾದರೂ ಬೇಕು. ತಂಬಾಕು ಬಿಡುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು, ಉಪ್ಪು ಕಡಿಮೆ ಮಾಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಬಾಲ್ಯ ಹೇಗೇ ಇದ್ದಿರಲಿ, ಅವು ಕೆಲಸ ಮಾಡುತ್ತವೆ.

ಒಂಬತ್ತನೇ ಹೆಜ್ಜೆ: ಮನೆಯಲ್ಲಿ ಮಗು ಇದ್ದರೆ

1953ರವರೆಗೂ ಬ್ರಿಟನ್ನಿನಲ್ಲಿ ಸಕ್ಕರೆ ಪಡಿತರದಲ್ಲಿ ಮಾತ್ರ ಸಿಗುತ್ತಿತ್ತು. ಗರ್ಭದಲ್ಲಿದ್ದಾಗಿನಿಂದ ಮೊದಲ ಎರಡು ವರ್ಷದವರೆಗೆ ಆ ಪಡಿತರದ ಕಾಲದಲ್ಲಿ ಬೆಳೆದವರನ್ನು, ಅದರ ನಂತರ ಹುಟ್ಟಿದವರ ಜೊತೆ ಹೋಲಿಸಿದ ಅಧ್ಯಯನ 2024ರಲ್ಲಿ ಬಂತು. ಸಕ್ಕರೆ ಕಡಿಮೆ ತಿಂದು ಬೆಳೆದವರಿಗೆ ಮಧುಮೇಹದ ಅಪಾಯ ಸುಮಾರು 35%, ಬಿಪಿಯ ಅಪಾಯ ಸುಮಾರು 20% ಕಡಿಮೆ. ಹಾಗಾಗಿ ಎರಡು ವರ್ಷದವರೆಗೆ ಮಗುವಿನ ಊಟಕ್ಕೆ ಸಕ್ಕರೆ ಸೇರಿಸಬೇಡಿ. ಸಣ್ಣಗೆ ಹುಟ್ಟಿದ ಮಗುವನ್ನು ಆಮೇಲೆ ಬಲವಂತವಾಗಿ ತಿನ್ನಿಸಿ ಗುಂಡಗೆ ಮಾಡಲೂ ಹೋಗಬೇಡಿ. ಹುಟ್ಟುವಾಗ ತೂಕ ಕಡಿಮೆ ಇದ್ದು, ಬಾಲ್ಯದಲ್ಲಿ ವೇಗವಾಗಿ ದಪ್ಪಗಾದವರಲ್ಲೇ ಮುಂದೆ ಶುಗರ್ ಹೆಚ್ಚು ಕಂಡಿದೆ. ವೈದ್ಯರ ಬೆಳವಣಿಗೆಯ ಗೆರೆ ನೋಡಿಕೊಂಡು ನಿಧಾನಕ್ಕೆ ಬೆಳೆಯಲಿ. 32 ವಾರಕ್ಕಿಂತ ಮೊದಲೇ ಹುಟ್ಟಿದ ಮಗುವಾದರೆ ಮೂರು ವರ್ಷದೊಳಗೇ ಬಿಪಿ ನೋಡಲು ಹೇಳಿ. ಅಮೆರಿಕದ ಮಕ್ಕಳ ವೈದ್ಯರ ಸಂಘದ 2017ರ ಮಾರ್ಗಸೂಚಿಯಲ್ಲೂ ಈ ಮಾತಿದೆ.

ಊಟದಷ್ಟೇ ಮುಖ್ಯವಾದದ್ದು ಮಗುವಿನ ಜೊತೆ ಕೂತು ಆಡುವುದು, ಮಾತಾಡುವುದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಲ್ಲಿ ಶುರುವಾದ ಒಂದು ಕಾರ್ಯಕ್ರಮದಲ್ಲಿ ಬಡ ಮನೆಯ ಕೂಸುಗಳಿಗೆ ಐದು ವರ್ಷ ಆಗುವವರೆಗೆ ದಿನವಿಡೀ ಆಟ, ಮಾತು, ಒಳ್ಳೆಯ ಊಟ, ವೈದ್ಯರ ತಪಾಸಣೆ ಕೊಟ್ಟರು. ಅವರಿಗೆ ಮೂವತ್ತೈದರ ಆಸುಪಾಸಾದಾಗ ನೋಡಿದರೆ, ಆ ಆರೈಕೆ ಸಿಕ್ಕ ಗಂಡಸರ ಮೇಲಿನ ಬಿಪಿ ಸರಾಸರಿ 126, ಸಿಗದವರದ್ದು 143. ಬಿಪಿ ಮಾತ್ರೆ ಕೊಡುವ ಕಾರ್ಯಕ್ರಮ ಅದಾಗಿರಲಿಲ್ಲ ಅನ್ನೋದನ್ನು ನೆನಪಿಡಿ.

ಕೊನೆಯದಾಗಿ, ಮಗುವಿನ ಪುಟವನ್ನು ಇವತ್ತೇ ಶುರು ಮಾಡಿ. ಹುಟ್ಟಿದ ವಾರ, ತೂಕ, ಗರ್ಭದಲ್ಲಿದ್ದಾಗ ತಾಯಿಗೆ ಇದ್ದ ತೊಂದರೆ, ಲಸಿಕೆ ಕಾರ್ಡಿನ ಎರಡೂ ಬದಿಯ ಫೋಟೊ, ಆಸ್ಪತ್ರೆಗೆ ಸೇರಿದ ಪ್ರತಿ ಸಲದ ಡಿಸ್ಚಾರ್ಜ್ ಚೀಟಿ. ನನ್ನ ಮಗಳ ಪುಟದಲ್ಲಿ ಈಗ ಹನ್ನೊಂದು ಸಾಲು ಇದೆ. ಮೊದಲ ಸಾಲು: "38 ವಾರ, 2 ಕಿಲೋ 900 ಗ್ರಾಂ." ಅದನ್ನು ಅಮ್ಮನಿಗೆ ಓದಿ ಹೇಳಿದಾಗ, "ಇನ್ನೊಂದ್ಸಲ ಹೇಳು" ಅಂದರು.